ಕಂತು ಕಟ್ಟುವವರು ಖುಷಿಯಾಗಿದ್ದಾರಾ? ಬೆಳಗಾವಿ–ಖಾನಾಪುರದಲ್ಲಿ ಬಡ್ಡಿ ಸಾಲ, ಬಡ್ಡಿ ಇಲ್ಲದ ಸಾಲ

ಬಸ್‌ನಲ್ಲಿ ಕೂತು ಕೇಳೋರಿಗೆ ಆಡಿಯೋ ಇದೆ, ಇಯರ್‌ಫೋನ್ ಮರೆತು ಬಂದೋರಿಗೆ ಈ ಬರಹ ಇದೆ. ಎರಡರಲ್ಲೂ ವಿಷಯ ಒಂದೇ: ನಮ್ಮ ಮನೆಯ ಹೆಣ್ಣುಮಕ್ಕಳು ತಗೊಳ್ಳೋ ಸಣ್ಣ ಸಾಲ.

ಬೆಳಗಾವಿಯಲ್ಲಿ ಇದಕ್ಕೆ ಯಾರೂ ‘ಮೈಕ್ರೋಫೈನಾನ್ಸ್’ ಅನ್ನೋಲ್ಲ. ‘ಸಂಘದ ಸಾಲ’ ಅಂತಾರೆ, ‘ಫೈನಾನ್ಸ್‌ದವರ ರೊಕ್ಕ’ ಅಂತಾರೆ. ಮರಾಠಿ ಮಾತಾಡೋ ಮನೆಯಲ್ಲಿ ‘ಬಚತ್ ಗಟ’ ಅನ್ನೋ ಮಾತು ಬರುತ್ತೆ. ಇನ್ನೊಂದು ಕಡೆ ಮುಸ್ಲಿಂ ಮೊಹಲ್ಲಾಗಳಲ್ಲಿ ‘ಬೈತುಲ್ ಮಾಲ್’, ‘ಬಿಲಾ ಸೂದ್’ ಅನ್ನೋ ಪದಗಳಿವೆ. ಬಿಲಾ ಸೂದ್ ಅಂದ್ರೆ ಬಡ್ಡಿ ಇಲ್ಲದ್ದು. ಈ ಎರಡು ಬಗೆಯ ಸಾಲದಲ್ಲಿ ಯಾವುದು ತಗೊಂಡವರಿಗೆ ಹೆಚ್ಚು ಸಮಾಧಾನ ಕೊಡುತ್ತೆ? ಅದನ್ನ ಅಳೆಯೋದು ಹೇಗೆ? ಅಳತೆ ಎಲ್ಲಿ ಮೋಸ ಹೋಗುತ್ತೆ? ಇವತ್ತು ಇಷ್ಟು ಬಿಡಿಸಿ ನೋಡೋಣ.

ಇದು ನಿಮಗೆ ಯಾಕೆ ಬೇಕು ಅಂದ್ರೆ, ಸಾಲದ ಕಾರ್ಡಿನ ಮೇಲೆ ಅವ್ವನ ಹೆಸರಿದ್ರೂ ಅದಕ್ಕೆ ಜೋಡಿಸಿದ ಫೋನ್ ನಂಬರ್ ಬಹಳ ಸಲ ನಿಮ್ಮದೇ ಆಗಿರುತ್ತೆ. ಒಟಿಪಿ ಹೇಳೋರು ನೀವು. ಕಂತು ತಪ್ಪಿದ್ರೆ ಮೊದಲ ಕರೆ ಬರೋದೂ ನಿಮಗೇ.

ಊರು ಎರಡು, ದುಡ್ಡು ಬರುವ ರೀತಿ ಎರಡು

ಬೆಳಗಾವಿ ನಗರಕ್ಕೂ ಖಾನಾಪುರಕ್ಕೂ ಇಪ್ಪತ್ತೈದು–ಇಪ್ಪತ್ತಾರು ಕಿಲೋಮೀಟರ್ ಅಷ್ಟೇ. ಆದ್ರೆ ಕೈಗೆ ದುಡ್ಡು ಬರೋ ಲಯ ಪೂರ್ತಿ ಬೇರೆ. ನಗರದ ವಡಗಾವಿ, ಖಾಸಬಾಗ, ಶಹಾಪುರದ ಕಡೆ ಮಗ್ಗದ ಮನೆಗಳಿವೆ. ಅಲ್ಲಿ ನೂಲು, ಸೀರೆ, ಮಜೂರಿ, ಹೀಗೆ ಸಣ್ಣ ಸಣ್ಣ ಮೊತ್ತ ಆಗಾಗ ಓಡಾಡುತ್ತೆ. ಖಡೇಬಜಾರ್, ಗಣಪತ್ ಗಲ್ಲಿ ಕಡೆ ತಳ್ಳುಗಾಡಿ, ಬಳೆ, ಹೂವು, ಹಣ್ಣಿನ ವ್ಯಾಪಾರದಲ್ಲಿ ದಿನಾ ಸಂಜೆ ಗಲ್ಲೆ ಎಣಿಸೋಕಾಗುತ್ತೆ. ಇವರಿಗೆ ವಾರದ ಕಂತು ಹೊಂದಿಕೊಳ್ಳಬಹುದು.

ಖಾನಾಪುರ ತಾಲೂಕು ಹಾಗಲ್ಲ. ಮಲಪ್ರಭೆ ಹುಟ್ಟೋ ಕಣಕುಂಬಿ ಕಡೆ ಮಳೆ ಹಿಡಿದ್ರೆ ಬಿಡೋದೇ ಇಲ್ಲ. ಭತ್ತದ ದುಡ್ಡು ಸುಗ್ಗಿಯಲ್ಲಿ ಬರುತ್ತೆ. ಖಾನಾಪುರದ ಹೆಸರಿಗೆ ಅಂಟಿಕೊಂಡಿರೋ ಕುಂಬಾರಿಕೆ, ಹಂಚು, ಇಟ್ಟಿಗೆ ಕೆಲಸಕ್ಕೆ ಬಿಸಿಲು ಬೇಕೇ ಬೇಕು. ಮಳೆಗಾಲದಲ್ಲಿ ಹಸಿ ಮಣ್ಣು ಒಣಗೋಲ್ಲ, ಭಟ್ಟಿ ಹೊತ್ತೋಲ್ಲ. ಎಷ್ಟೋ ಮನೆಯವರು ಗೋವಾಕ್ಕೆ ಕೆಲಸಕ್ಕೆ ಹೋಗಿ ಅಲ್ಲಿಂದ ದುಡ್ಡು ಕಳಿಸ್ತಾರೆ. ಅದು ಬಂದಾಗ ಬರುತ್ತೆ. ಆದ್ರೆ ಕಂತಿನ ದಿನ ಮಾತ್ರ ಪಕ್ಕಾ.

ಈ ವ್ಯತ್ಯಾಸ ನೆನಪಿಟ್ಟುಕೊಳ್ಳಿ. ಒಂದೇ ಕಂಪನಿ, ಒಂದೇ ಬಡ್ಡಿ, ಒಂದೇ ನಿಯಮ. ಆದ್ರೂ ಖಾಸಬಾಗದಲ್ಲಿ ‘ಚಲೋ ಐತಿ’ ಅನ್ನಿಸಿಕೊಂಡ ಸಾಲ, ಜುಲೈ ತಿಂಗಳ ಖಾನಾಪುರದಲ್ಲಿ ಕುತ್ತಿಗೆಗೆ ಬರಬಹುದು.

ಸಂಘದ ಸಾಲ ನಡೆಯೋದು ಹೇಗೆ?

ಬಾಂಗ್ಲಾದೇಶದ ಜೋಬ್ರಾ ಹಳ್ಳಿಯಲ್ಲಿ 1976ರಲ್ಲಿ ಮುಹಮ್ಮದ್ ಯೂನುಸ್ ಶುರು ಮಾಡಿದ ಪ್ರಯೋಗ 1983ರಲ್ಲಿ ಗ್ರಾಮೀಣ ಬ್ಯಾಂಕ್ ಆಯ್ತು, 2006ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ತಂತು. ಅದರ ಮೂಲ ಉಪಾಯ ಸರಳ: ಅಡವಿಡೋಕೆ ಏನೂ ಇಲ್ಲದವರು ಒಬ್ಬರಿಗೊಬ್ಬರು ಜಾಮೀನು ನಿಲ್ಲೋದು. ನಮ್ಮಲ್ಲಿ ಐದೋ ಹತ್ತೋ ಹೆಣ್ಣುಮಕ್ಕಳು ಗುಂಪು ಮಾಡ್ಕೊಂಡು, ಯಾರದೋ ಒಬ್ಬರ ಮನೆ ಪಡಸಾಲೆಯಲ್ಲಿ ಕೂಡ್ತಾರೆ. ಫೀಲ್ಡ್ ಆಫೀಸರ್ ಬೈಕ್‌ನಲ್ಲಿ ಬರ್ತಾರೆ, ಕಂತು ಎಣಿಸಿ, ಕಾರ್ಡಿನ ಮೇಲೆ ಬರೆದು ಹೋಗ್ತಾರೆ.

ಇದಕ್ಕೆ ಆರ್‌ಬಿಐ ನಿಯಮಗಳಿವೆ. 2022ರ ಏಪ್ರಿಲ್ 1ರಿಂದ ಜಾರಿಯಾದ ನಿರ್ದೇಶನಗಳ ಪ್ರಕಾರ, ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯ ಇರೋ ಕುಟುಂಬಕ್ಕೆ ಅಡಮಾನ ಇಲ್ಲದೆ ಕೊಡೋ ಸಾಲವೇ ಮೈಕ್ರೋಫೈನಾನ್ಸ್ ಸಾಲ. ಮನೆಯ ಎಲ್ಲಾ ಸಾಲಗಳ ಕಂತು ಸೇರಿಸಿದ್ರೂ ತಿಂಗಳ ಆದಾಯದ ಅರ್ಧ ದಾಟಬಾರದು. ಅಂದ್ರೆ ಮನೆಗೆ 16,000 ಬರ್ತಿದ್ರೆ ಎಲ್ಲಾ ಕಂತು ಸೇರಿ 8,000ಕ್ಕೆ ನಿಲ್ಲಬೇಕು. ಆದ್ರೆ ಅದೇ ನಿರ್ದೇಶನ ಬಡ್ಡಿ ದರದ ಮೇಲಿದ್ದ ಮಿತಿಯನ್ನ ತೆಗೆದುಹಾಕಿತು. ದರವನ್ನ ಈಗ ಸಂಸ್ಥೆಗಳೇ ನಿಗದಿ ಮಾಡ್ತವೆ. ವಿಪರೀತ ಆಗಬಾರದು ಅನ್ನೋ ಮಾತಷ್ಟೇ ಇದೆ.

ಒಂದು ಲೆಕ್ಕ ಹಾಕೋಣ. ಇದು ಉದಾಹರಣೆ ಅಷ್ಟೇ. 50,000 ರೂಪಾಯಿ ಸಾಲ, ಎರಡು ವರ್ಷ, ತಿಂಗಳ ಕಂತು, ಬಡ್ಡಿ ಶೇ. 24. ಉಳಿದ ಅಸಲಿನ ಮೇಲೆ ಬಡ್ಡಿ ಹಾಕಿದ್ರೆ ಕಂತು ಸುಮಾರು 2,644 ರೂಪಾಯಿ, ಒಟ್ಟು ಬಡ್ಡಿ ಸುಮಾರು 13,450. ಅದೇ ಶೇ. 24ನ್ನ ಪೂರ್ತಿ 50,000ದ ಮೇಲೆ ಎರಡು ವರ್ಷವೂ ಹಾಕಿದ್ರೆ, ಅಂದ್ರೆ ಫ್ಲಾಟ್ ದರ ಆದ್ರೆ, ಕಂತು 3,083, ಬಡ್ಡಿ 24,000. ಬಾಯಲ್ಲಿ ಹೇಳೋ ಶೇಕಡಾ ಒಂದೇ, ಜೇಬಿನಿಂದ ಹೋಗೋದರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಫರಕು. ಅದಕ್ಕೇ ಆರ್‌ಬಿಐ, ಸಾಲ ತಗೊಳ್ಳೋರಿಗೆ ಅರ್ಥವಾಗೋ ಭಾಷೆಯಲ್ಲಿ, ಎಲ್ಲಾ ಖರ್ಚು ಸೇರಿದ ವಾರ್ಷಿಕ ದರ ಬರೆದಿರೋ ಒಂದು ವಿವರ ಪತ್ರ ಕೊಡಲೇಬೇಕು ಅಂತ ಹೇಳಿದೆ.

ಬಡ್ಡಿ ಇಲ್ಲದ ಸಾಲ ಅಂದ್ರೆ?

ಇಸ್ಲಾಂನಲ್ಲಿ ‘ರಿಬಾ’, ಅಂದ್ರೆ ಸಾಲದ ಮೇಲೆ ಬಡ್ಡಿ, ನಿಷಿದ್ಧ. ಹಾಗಾಗಿ ಸಾಲದ ಅಗತ್ಯವನ್ನ ಬೇರೆ ದಾರಿಯಲ್ಲಿ ಪೂರೈಸಬೇಕು. ಮುಖ್ಯ ದಾರಿ ಎರಡು.

ಮೊದಲನೆಯದು ಕರ್ಜ್-ಎ-ಹಸನ. ಕನ್ನಡದಲ್ಲಿ ಇದಕ್ಕೆ ಚಂದದ ಪದ ಇದೆ: ಕೈಗಡ. ಕೊಟ್ಟಷ್ಟೇ ವಾಪಸ್. ಸಂಸ್ಥೆ ನಡೆಸೋ ನಿಜವಾದ ಖರ್ಚಿಗೆ ಒಂದಿಷ್ಟು ಸೇವಾ ಶುಲ್ಕ ತಗೋಬಹುದು, ಅಷ್ಟೇ. ಪಾಕಿಸ್ತಾನದ ಲಾಹೋರ್‌ನಲ್ಲಿ 2001ರಲ್ಲಿ 10,000 ರೂಪಾಯಿಯ ಒಂದೇ ಕೈಗಡದಿಂದ ಶುರುವಾದ ‘ಅಖುವತ್’ ಇವತ್ತು ಈ ಬಗೆಯ ದೊಡ್ಡ ಸಂಸ್ಥೆಗಳಲ್ಲಿ ಒಂದು. ಅದರ ಸ್ಥಾಪಕ ಅಮ್ಜದ್ ಸಾಕಿಬ್ ಅವರಿಗೆ 2021ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಮಸೀದಿ, ಚರ್ಚುಗಳಲ್ಲೇ ಕೂತು ಸಾಲ ಹಂಚೋದು ಅವರ ಪದ್ಧತಿ.

ಎರಡನೆಯದು ಮುರಾಬಹ. ಇದರಲ್ಲಿ ದುಡ್ಡು ಕೊಡೋಲ್ಲ, ವಸ್ತು ಕೊಡ್ತಾರೆ. ನಿಮಗೆ ಹೊಲಿಗೆ ಯಂತ್ರ ಬೇಕು ಅಂದ್ಕೊಳ್ಳಿ. ಸಂಸ್ಥೆ ಅದನ್ನ 20,000ಕ್ಕೆ ಕೊಂಡು, ಲಾಭ ಇಷ್ಟು ಅಂತ ಮುಂಚೆಯೇ ಹೇಳಿ, 23,000ಕ್ಕೆ ನಿಮಗೆ ಮಾರುತ್ತೆ. ನೀವು ಹನ್ನೆರಡು ಕಂತಿನಲ್ಲಿ ಕಟ್ತೀರಿ. ಬೆಲೆ ಒಮ್ಮೆ ನಿಂತ ಮೇಲೆ ತಡವಾಯ್ತು ಅಂತ ಅದು ಬೆಳೆಯೋ ಹಾಗಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಿ. ಈ 3,000 ಲಾಭವನ್ನ ಉಳಿದ ಅಸಲಿನ ಮೇಲಿನ ದರಕ್ಕೆ ತಿರುಗಿಸಿದ್ರೆ ವರ್ಷಕ್ಕೆ ಶೇ. 26ಕ್ಕಿಂತ ಹೆಚ್ಚಾಗುತ್ತೆ. ಅಂದ್ರೆ ‘ಹಲಾಲ್’ ಅನ್ನೋದು ‘ಅಗ್ಗ’ ಅನ್ನೋದಕ್ಕೆ ಸಮ ಅಲ್ಲ. ಧಾರ್ಮಿಕವಾಗಿ ವ್ಯಾಪಾರವೂ ಬಡ್ಡಿಯೂ ಬೇರೆ ಬೇರೆ, ಅದು ನಂಬಿಕೆಯ ವಿಷಯ. ಆದ್ರೆ ಮನೆ ಖರ್ಚಿನ ಡೈರಿಯಲ್ಲಿ ಎರಡನ್ನೂ ಒಂದೇ ಸಾಲಿನಲ್ಲಿ ಬರೆದು ಹೋಲಿಸೋ ಹಕ್ಕು ನಿಮಗಿದೆ.

ಭಾರತದಲ್ಲಿ ಇಸ್ಲಾಮಿಕ್ ಬ್ಯಾಂಕ್ ಇದೆಯಾ ಅಂತ ಕೇಳಿದ್ರೆ, ಇಲ್ಲ. ರಘುರಾಮ್ ರಾಜನ್ ನೇತೃತ್ವದ ಸಮಿತಿ ಬಡ್ಡಿರಹಿತ ಬ್ಯಾಂಕಿಂಗ್ ಬಗ್ಗೆ ಶಿಫಾರಸು ಮಾಡಿತ್ತು. ಬಹಳ ಚರ್ಚೆ ಆಯ್ತು. ಕೊನೆಗೆ 2017ರ ನವೆಂಬರ್‌ನಲ್ಲಿ, ಮಾಹಿತಿ ಹಕ್ಕಿನಡಿ ಬಂದ ಪ್ರಶ್ನೆಗೆ ಉತ್ತರಿಸುತ್ತಾ, ಈ ಪ್ರಸ್ತಾವ ಮುಂದುವರಿಸೋಲ್ಲ ಅಂತ ಆರ್‌ಬಿಐ ಹೇಳಿತು. ಹಾಗಾಗಿ ಇಲ್ಲಿ ಬಡ್ಡಿ ಇಲ್ಲದ ಸಾಲ ನಡೆಯೋದು ಬ್ಯಾಂಕಿನ ಹೊರಗೆ: ಟ್ರಸ್ಟ್, ಬೈತುಲ್ ಮಾಲ್, ಪತ್ತಿನ ಸಹಕಾರ ಸಂಘ, ಹೀಗೆ. ದೇವಬಂದ್‌ನ ಮುಸ್ಲಿಂ ಫಂಡ್ 1961ರದ್ದು. ದೆಹಲಿಯ ಸಹೂಲತ್ ಮೈಕ್ರೋಫೈನಾನ್ಸ್ ಸೊಸೈಟಿ 2010ರಿಂದ ಇಂಥ ಸಹಕಾರ ಸಂಘಗಳನ್ನ ಕಟ್ಟೋ ಕೆಲಸ ಮಾಡ್ತಿದೆ. ಈ ಸಂಘಗಳಲ್ಲಿ ಬೇರೆ ಧರ್ಮದವರೂ ಸಾಲ ಪಡೀತಾರೆ.

ತೃಪ್ತಿಯನ್ನ ಅಳೆಯೋ ತಕ್ಕಡಿ

ಈಗ ಮುಖ್ಯ ಪ್ರಶ್ನೆ. ಗ್ರಾಹಕರ ತೃಪ್ತಿ ಅಂದ್ರೆ ಏನು? ಮಾರ್ಕೆಟಿಂಗ್ ಓದೋರಿಗೆ 1988ರ ‘ಸರ್ವ್‌ಕ್ವಾಲ್’ ಗೊತ್ತಿರುತ್ತೆ. ಪರಶುರಾಮನ್, ಝೈತಮ್ಲ್, ಬೆರ್ರಿ ಅನ್ನೋ ಮೂವರು ಮಾಡಿದ ಅಳತೆಗೋಲು. 22 ಹೇಳಿಕೆ, ಐದು ಆಯಾಮ: ಕಣ್ಣಿಗೆ ಕಾಣೋ ವ್ಯವಸ್ಥೆ, ನಂಬಿಕೆಗೆ ತಕ್ಕ ಕೆಲಸ, ಕೂಡಲೇ ಸ್ಪಂದಿಸೋ ಗುಣ, ಭರವಸೆ, ಮತ್ತೆ ಅಂತಃಕರಣ. ಲೆಕ್ಕ ಹಾಕೋದು ಹೀಗೆ: ಸಿಕ್ಕಿದ್ದು ಎಷ್ಟು, ನಿರೀಕ್ಷೆ ಇದ್ದದ್ದು ಎಷ್ಟು, ನಡುವಿನ ಅಂತರ ಎಷ್ಟು.

2001ರಲ್ಲಿ ಓಥ್ಮನ್ ಮತ್ತು ಓವೆನ್ ಅನ್ನೋ ಇಬ್ಬರು, ಕುವೈತ್ ಫೈನಾನ್ಸ್ ಹೌಸ್ ಗ್ರಾಹಕರನ್ನ ಅಧ್ಯಯನ ಮಾಡುವಾಗ, ಇದಕ್ಕೆ ಆರನೇ ಆಯಾಮ ಸೇರಿಸಿದ್ರು: ಧರ್ಮದ ನಿಯಮಕ್ಕೆ ಬದ್ಧವಾಗಿದೆಯಾ ಅನ್ನೋದು. ಇದಕ್ಕೆ ‘ಕಾರ್ಟರ್’ ಮಾದರಿ ಅಂತ ಹೆಸರು. ಇಸ್ಲಾಮಿಕ್ ಮತ್ತು ಸಾಂಪ್ರದಾಯಿಕ ಸಾಲವನ್ನ ಹೋಲಿಸೋ ಅಧ್ಯಯನಗಳಿಗೆ ಇದು ಚಿರಪರಿಚಿತ.

ತಕ್ಕಡಿ ಚೆನ್ನಾಗಿದೆ. ಆದ್ರೆ ಸಣ್ಣ ಸಾಲದ ವಿಷಯದಲ್ಲಿ ಅದು ಮೂರು ಕಡೆ ತಪ್ಪು ತೂಗುತ್ತೆ ಅಂತ ನನಗನಿಸುತ್ತೆ.

ಒಂದು, ನಿರೀಕ್ಷೆಯೇ ಕಡಿಮೆ ಇದ್ರೆ ತೃಪ್ತಿ ತಾನಾಗೇ ಹೆಚ್ಚು ಕಾಣುತ್ತೆ. ಮೀಟರ್ ಬಡ್ಡಿಯವನ ಹತ್ರ ನಿಂತು ಬಂದವರಿಗೆ ಶೇ. 24 ಅನ್ನೋದು ತಂಪು ನೆರಳು. ಬ್ಯಾಂಕಿನ ಮೆಟ್ಟಿಲಲ್ಲಿ ನಾಲ್ಕು ಸಲ ‘ನಾಳೆ ಬರ್ರಿ’ ಅನ್ನಿಸಿಕೊಂಡವರಿಗೆ, ಮನೆ ಬಾಗಿಲಿಗೆ ಬಂದು ‘ಅಕ್ಕಾರ, ಆರಾಮ ಅದೀರೇನ್ರಿ?’ ಅನ್ನೋ ಆಫೀಸರೇ ದೊಡ್ಡ ಮನುಷ್ಯ. ಬಾಗಿಲಿಗೆ ಬರೋರ ಮೇಲಿನ ಈ ಪ್ರೀತಿ ನಮಗೆ ಹಳೇದು. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಶುರು ಮಾಡಿದ ಪಿಗ್ಮಿ ನಿಂತಿದ್ದೇ ಇದರ ಮೇಲೆ. ಆದ್ರೆ ಪಿಗ್ಮಿಯವರು ಬಂದಾಗ ನಮ್ಮ ಉಳಿತಾಯ ಬೆಳೆಯುತ್ತೆ, ಕೈಯಲ್ಲಿ ಇಲ್ಲದ ದಿನ ‘ನಾಳೆ’ ಅನ್ನಬಹುದು. ಸಾಲದ ಆಫೀಸರ್‌ಗೆ ಹಾಗನ್ನೋಕೆ ಬರೋಲ್ಲ.

ಎರಡು, ಪ್ರಶ್ನೆ ಕೇಳೋರು ಯಾರು? ಸಂಘದ ಮೀಟಿಂಗ್ ನಡೆಯುವಾಗ, ಆಫೀಸರ್ ಎದುರಲ್ಲಿ, ಜೊತೆಗಾತಿಯರ ನಡುವೆ ‘ನಿಮಗೆ ಸಮಾಧಾನ ಇದೆಯಾ?’ ಅಂದ್ರೆ ಉತ್ತರ ಏನಿರುತ್ತೆ? ಮುಂದಿನ ಸಾಲ ಇದೇ ಕೈಯಿಂದ ಬರಬೇಕು. ಬೈತುಲ್ ಮಾಲ್‌ನಲ್ಲೂ ಅಷ್ಟೇ. ಅಲ್ಲಿ ಸಾಲ ಕೊಟ್ಟವರು ಜಮಾತ್‌ನ ಹಿರಿಯರು, ಉಪಕಾರ ಮಾಡಿದವರು. ಅವರ ಬಗ್ಗೆ ದೂರು ಹೇಳೋಕೆ ಇನ್ನೊಂದು ಬಗೆಯ ಸಂಕೋಚ. ಕಂತು ಕಟ್ಟಲಾಗದೆ ಊರು ಬಿಟ್ಟವರನ್ನಂತೂ ಯಾರೂ ಕೇಳೋಲ್ಲ.

ಮೂರು, ಕಂತು ಸರಿಯಾಗಿ ಬರ್ತಿದೆ ಅಂದ್ರೆ ಗ್ರಾಹಕರು ಖುಷಿಯಾಗಿದ್ದಾರೆ ಅನ್ನೋ ಭ್ರಮೆ. 2010ರ ಅಕ್ಟೋಬರ್‌ವರೆಗೆ ಆಂಧ್ರದಲ್ಲಿ ವಸೂಲಿ ಅಂಕಿ ಹೊಳೀತಾ ಇತ್ತು. ಆತ್ಮಹತ್ಯೆಗಳ ಸುದ್ದಿ ಬಂತು, ಸರ್ಕಾರ ಸುಗ್ರೀವಾಜ್ಞೆ ತಂತು, ವಸೂಲಿ ಕುಸಿದು ಬಿತ್ತು. ಒಂದು ಕಡೆ ಸಾಲ ತಗೊಂಡು ಇನ್ನೊಂದು ಕಡೆ ಕಂತು ಕಟ್ತಿದ್ದದ್ದು ಆ ಹೊಳೆಯೋ ಅಂಕಿಯಲ್ಲಿ ಕಂಡಿರಲಿಲ್ಲ.

ಕೋಲಾರ 2009, ಬೆಂಗಳೂರು 2019

ನಮ್ಮ ರಾಜ್ಯದ್ದೇ ಎರಡು ಪಾಠ ಇವೆ.

2009ರ ಆರಂಭದಲ್ಲಿ ಕೋಲಾರದ ಅಂಜುಮನ್, ಮೈಕ್ರೋಫೈನಾನ್ಸ್ ಕಂತು ಕಟ್ಟಬೇಡಿ ಅಂತ ಮುಸ್ಲಿಂ ಕುಟುಂಬಗಳಿಗೆ ಕರೆ ಕೊಟ್ಟಿತು. ಶಿಡ್ಲಘಟ್ಟ, ರಾಮನಗರ, ಮೈಸೂರಿನಲ್ಲೂ ಕಂತು ನಿಂತವು. ಮೇಲ್ನೋಟಕ್ಕೆ ಇದು ಬಡ್ಡಿ ಮತ್ತು ಧರ್ಮದ ಪ್ರಶ್ನೆ. ಆದ್ರೆ ಕೆಳಗೆ ರೇಷ್ಮೆ ಉದ್ಯಮ ಸೊರಗಿತ್ತು, ಒಂದೊಂದು ಮನೆಯಲ್ಲಿ ಹಲವು ಕಂಪನಿಗಳ ಸಾಲ ಇತ್ತು, ಜಾಮೀನು ನಿಂತವರ ನಡುವೆ ಜಗಳ ಶುರುವಾಗಿತ್ತು. ಅಸಮಾಧಾನ ವರ್ಷಗಟ್ಟಲೆ ಒಳಗೇ ಕುದ್ದಿತ್ತು, ಯಾರ ಸಮೀಕ್ಷೆಗೂ ಸಿಕ್ಕಿರಲಿಲ್ಲ. ನೇಕಾರರ ಕೇರಿ ಇರೋ ನಮ್ಮ ಬೆಳಗಾವಿಗೆ ಈ ಕತೆ ದೂರದ್ದಲ್ಲ.

ಎರಡನೇ ಪಾಠ ಇನ್ನೊಂದು ದಿಕ್ಕಿನದು. ಬೆಂಗಳೂರಿನ ಐ ಮಾನಿಟರಿ ಅಡ್ವೈಸರಿ, ಅಂದ್ರೆ ಐಎಂಎ, ‘ಹಲಾಲ್ ಲಾಭ’ದ ಹೆಸರಲ್ಲಿ ಹೂಡಿಕೆ ಸಂಗ್ರಹಿಸ್ತಿತ್ತು. 2019ರ ಜೂನ್‌ನಲ್ಲಿ ಅದರ ಬಾಗಿಲು ಮುಚ್ಚಿತು. ಸಾವಿರಾರು ಕೋಟಿ ರೂಪಾಯಿ ವಂಚನೆಯ ಆರೋಪ ಬಂತು, ಪ್ರಕರಣ ಸಿಬಿಐಗೆ ಹೋಯಿತು. ಅದು ಮೈಕ್ರೋಫೈನಾನ್ಸ್ ಅಲ್ಲ, ನಿಜ. ಆದ್ರೆ ಬಾಗಿಲು ಮುಚ್ಚೋ ತನಕ ಅದರ ಗ್ರಾಹಕರಲ್ಲಿ ಎಷ್ಟೋ ಜನ ಪೂರ್ತಿ ತೃಪ್ತರೇ ಆಗಿದ್ರು. ತಿಂಗಳು ತಿಂಗಳು ದುಡ್ಡು ಬರ್ತಿತ್ತಲ್ಲ! ಹಾಗಾಗಿ ತೃಪ್ತಿ ಬೇರೆ, ಸುರಕ್ಷತೆ ಬೇರೆ. ಧರ್ಮದ ಹೆಸರಿನ ಬೋರ್ಡು ಆಡಿಟ್ ವರದಿಗೆ ಬದಲಿ ಆಗೋಲ್ಲ.

ಹಾಗಾದ್ರೆ ಯಾವುದು ಚಲೋ?

ನನ್ನ ಲೆಕ್ಕ ಹೀಗಿದೆ. ಬಡ್ಡಿ ಇಲ್ಲದ ಕೈಗಡದಲ್ಲಿ ಮನಸ್ಸಿನ ಭಾರ ಕಡಿಮೆ. ಅಸಲು ಬೆಳೆಯೋಲ್ಲ, ತಡವಾದ್ರೆ ಮಾತಾಡಿ ದಿನ ತಗೋಬಹುದು. ಖಾನಾಪುರದ ಮಳೆಗಾಲಕ್ಕೆ ಬೇಕಾಗಿರೋದು ಇದೇ ಗುಣ. ಆದ್ರೆ ಮೊತ್ತ ಸಣ್ಣದು, ದುಡ್ಡು ಸೀಮಿತ, ಸರದಿ ಕಾಯಬೇಕು. ಎಷ್ಟೋ ಕಡೆ ಬಂಗಾರ ಅಡವಿಡಬೇಕು. ಬಂಗಾರವೇ ಇಲ್ಲದವರು ಅಲ್ಲಿಂದಲೂ ಬರಿಗೈಯಲ್ಲಿ ಬರ್ತಾರೆ.

ಸಾಂಪ್ರದಾಯಿಕ ಮೈಕ್ರೋಫೈನಾನ್ಸ್‌ನಲ್ಲಿ ದುಡ್ಡು ಬೇಗ ಸಿಗುತ್ತೆ, ಸರಿಯಾಗಿ ಕಟ್ಟಿದ್ರೆ ಮುಂದಿನ ಸಲ ಮೊತ್ತ ಏರುತ್ತೆ, ಕ್ರೆಡಿಟ್ ದಾಖಲೆ ಬೆಳೆಯುತ್ತೆ. ಆದ್ರೆ ಕಂತಿನ ದಿನ ಕಲ್ಲಿನ ಹಾಗೆ. ಒಬ್ಬಳು ತಪ್ಪಿದ್ರೆ ಒತ್ತಡ ಆಫೀಸರ್‌ನಿಂದ ಮೊದಲು ಬರಬೇಕಿಲ್ಲ, ಪಕ್ಕದ ಮನೆಯವರಿಂದಲೇ ಬರುತ್ತೆ.

ಎರಡಕ್ಕೂ ಅನ್ವಯಿಸೋ ಮಾತು ಒಂದಿದೆ. ಸಾಲ ಕೈಗೆ ಬಂದ ದಿನ ಎಲ್ಲರೂ ತೃಪ್ತರೇ. ದುಡಿಮೆ ನಿಂತ ತಿಂಗಳಲ್ಲಿ ಸಂಸ್ಥೆ ಹೇಗೆ ನಡಕೊಳ್ತು, ಎಷ್ಟು ಕಟ್ಟಬೇಕು ಅನ್ನೋದು ಮೊದಲೇ ಅರ್ಥವಾಗಿತ್ತಾ, ಮರ್ಯಾದೆ ಉಳೀತಾ, ತೃಪ್ತಿ ತಿಳಿಯೋದು ಈ ಮೂರರಲ್ಲಿ. ಬಡ್ಡಿ ಇದೆಯೋ ಇಲ್ಲವೋ ಅನ್ನೋ ಒಂದೇ ಗೆರೆಯಿಂದ ಇದನ್ನ ಅಳೆಯೋಕಾಗಲ್ಲ.

ಮರ್ಯಾದೆ ಅನ್ನೋದು ಸಣ್ಣ ಮಾತಲ್ಲ. 2025ರ ಜನವರಿಯಲ್ಲಿ ಬೆಳಗಾವಿ ಜಿಲ್ಲೆ ಸೇರಿ ರಾಜ್ಯದ ಹಲವೆಡೆಯಿಂದ ವಸೂಲಿ ಕಿರುಕುಳದ ಸುದ್ದಿ ಸಾಲುಸಾಲಾಗಿ ಬಂದ ಮೇಲೇ ಸರ್ಕಾರ ಸುಗ್ರೀವಾಜ್ಞೆ ತಂದದ್ದು. ರಾಜ್ಯಪಾಲರು ಮೊದಲು ವಾಪಸ್ ಕಳಿಸಿ, ಫೆಬ್ರವರಿ 12ರಂದು ಅಂಕಿತ ಹಾಕಿದ್ರು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಅಂತ ಅದರಲ್ಲಿದೆ.

ಇವತ್ತು ರಾತ್ರಿ ಮನೆಯಲ್ಲಿ ಕೇಳಬೇಕಾದ್ದು

ಊಟ ಆದ ಮೇಲೆ ಅವ್ವನ ಹತ್ರನೋ ಚಿಕ್ಕಮ್ಮನ ಹತ್ರನೋ ಸಾಲದ ಕಾರ್ಡು ಇಸ್ಕೊಳ್ಳಿ. ಬೈಯೋಕಲ್ಲ, ಓದೋಕೆ.

ಮೊದಲು ವಿವರ ಪತ್ರದಲ್ಲಿ ವಾರ್ಷಿಕ ದರ ಎಷ್ಟಿದೆ ನೋಡಿ. ಬಡ್ಡಿ ಇಲ್ಲದ ಸಾಲ ಆದ್ರೆ ಸೇವಾ ಶುಲ್ಕ ಅಥವಾ ಲಾಭ ಎಷ್ಟು ಅಂತ ನೋಡಿ, ಸಂಘದ ನೋಂದಣಿ ಮತ್ತೆ ಆಡಿಟ್ ವರದಿ ಕೇಳಿ. ಅಲ್ಲಿ ಉಳಿತಾಯ ಇಟ್ಟಿದ್ರೆ ಒಂದು ಮಾತು: ಬ್ಯಾಂಕ್ ಠೇವಣಿಗಿರೋ 5 ಲಕ್ಷದವರೆಗಿನ ವಿಮೆ ಪತ್ತಿನ ಸಂಘದ ಠೇವಣಿಗೆ ಇಲ್ಲ, ಆ ಸಂಘದಲ್ಲಿ ಬಡ್ಡಿ ಇರಲಿ ಬಿಡಲಿ.

ಎರಡನೇದು, ಎಲ್ಲಾ ಸಾಲದ ಕಂತು ಕೂಡಿಸಿ. ಮನೆ ಆದಾಯದ ಅರ್ಧ ದಾಟಿದ್ಯಾ? ಅವ್ವನ ಹೆಸರಲ್ಲಿ ಸಾಲ, ದುಡ್ಡು ಮಾತ್ರ ಬೇರೆಯವರ ಕೈಗೆ ಹೋಗಿದ್ಯಾ? ಹಾಗಿದ್ರೆ ಕಟ್ಟೋ ಹೊಣೆ ಅವ್ವಂದೇ. ಪ್ರತಿ ಕ್ರೆಡಿಟ್ ಬ್ಯೂರೋ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನ ಉಚಿತವಾಗಿ ಕೊಡಬೇಕು. ಅದನ್ನ ತೆಗೆದು ನೋಡಿದ್ರೆ ಗೊತ್ತಿಲ್ಲದ ಸಾಲವೂ ಬಯಲಾಗುತ್ತೆ.

ಮೂರನೇದು, ಸಾಲದ ಜೊತೆ ವಿಮೆ, ಮಿಕ್ಸರ್, ಮೊಬೈಲ್ ಅಂತ ಏನಾದ್ರೂ ಅಂಟಿಸಿದ್ದಾರಾ? ಅದು ಕಡ್ಡಾಯ ಅಲ್ಲ. ಅವಧಿಗೆ ಮುಂಚೆ ಸಾಲ ತೀರಿಸಿದ್ರೆ ದಂಡ ಹಾಕುವಂತಿಲ್ಲ. ತಡವಾದ್ರೆ ದಂಡ ಆ ತಡವಾದ ಕಂತಿನ ಮೇಲಷ್ಟೇ.

ನಾಲ್ಕನೇದು, ವಸೂಲಿ. ಆರ್‌ಬಿಐ ವ್ಯಾಪ್ತಿಯ ಸಂಸ್ಥೆಯವರು ಬೆಳಗ್ಗೆ 9ರ ಮುಂಚೆ, ಸಂಜೆ 6ರ ನಂತರ ವಸೂಲಿಗೆ ಫೋನ್ ಮಾಡುವಂತಿಲ್ಲ. ಇಬ್ಬರೂ ಒಪ್ಪಿದ ಜಾಗದಲ್ಲೇ ವಸೂಲಿ ಮಾಡಬೇಕು. ಸತತ ಎರಡು ಸಲ ಅಲ್ಲಿಗೆ ಬರದಿದ್ರೆ ಮಾತ್ರ ಮನೆಗೋ ಕೆಲಸದ ಜಾಗಕ್ಕೋ ಬರಬಹುದು. ಬೈಗುಳ, ಬೆದರಿಕೆ, ನೆಂಟರಿಗೆ ಕಾಡೋದು ಯಾವುದೂ ನಡೆಯೋಲ್ಲ. ಹೀಗಾದ್ರೆ ಮೊದಲು ಸಂಸ್ಥೆಗೇ ಲಿಖಿತ ದೂರು ಕೊಡಿ. 30 ದಿನದಲ್ಲಿ ಪರಿಹಾರ ಸಿಗದಿದ್ರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಹೋಗಬಹುದು. ಮಾಹಿತಿಗೆ ನಂಬರ್ 14448. ಪ್ರಾಣಭಯ, ಹಲ್ಲೆ ಅನ್ನೋ ಹಂತಕ್ಕೆ ಬಂದ್ರೆ ಕಾಯಬೇಡಿ, 112ಕ್ಕೆ ಕರೆ ಮಾಡಿ.

ಕೊನೆಯದು. ಕಂತು ತಪ್ಪೋ ಹಾಗಿದ್ರೆ, ತಪ್ಪೋಕಿಂತ ಮುಂಚೆ ಹೋಗಿ ಮಾತಾಡಿ. ಹಳೇ ಕಂತು ಕಟ್ಟೋಕೆ ಹೊಸ ಸಾಲ ಬೇಡ. ಮುಂದಿನ ಸಾಲಕ್ಕೆ ಸಹಿ ಹಾಕೋ ದಿನ, ಸಾಧ್ಯ ಆದ್ರೆ, ಅವ್ವನ ಪಕ್ಕ ನೀವೂ ಕೂತ್ಕೊಳ್ಳಿ. ‘ಮಳೆಗಾಲದಾಗ ಕೆಲಸ ಇರಂಗಿಲ್ರಿ, ಆವಾಗ ಹೆಂಗ?’ ಅಂತ ಒಂದು ಪ್ರಶ್ನೆ ಕೇಳಿ. ಆ ಸಂಸ್ಥೆ ಎಂಥದು ಅನ್ನೋದು ಅವರು ಕೊಡೋ ಉತ್ತರದಲ್ಲೇ ಗೊತ್ತಾಗುತ್ತೆ.

ಇಷ್ಟು ಇವತ್ತಿಗೆ. ಈ ಸಂಚಿಕೆಯನ್ನ ನಿಮ್ಮ ಮನೆಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ, ಓದೋಕೆ ಬರದವರಿಗೆ ಆಡಿಯೋ ಕೇಳಿಸಿ. ಮುಂದಿನ ವಾರ ಭಿಶಿ ಬಗ್ಗೆ ಮಾತಾಡೋಣ. ಸಿಗೋಣ್ರಿ.